ಟೈರಿನ ಮೇಲಿನ ಅಂಕಿಗಳು: ಇಂಚು ಮತ್ತು ಮಿಲಿಮೀಟರಿನ ಲೆಕ್ಕ
(ರೈತರ ಸಭೆಯಲ್ಲಿ ಮಾಡಿದ ಭಾಷಣ)



ಇಂದು ನಾನು ಬೀಜ, ಗೊಬ್ಬರ, ಔಷಧಿಗಳ ಮಾತು ಎತ್ತುವುದಿಲ್ಲ. ಟೈರಿನ ವಿಷಯವಾಗಿ ನಾಲ್ಕು ಮಾತು ಹೇಳುತ್ತೇನೆ. ನಿಮ್ಮಲ್ಲಿ ಅನೇಕರು ನನಗಿಂತ ಹಿರಿಯರು. ನನ್ನ ವಯಸ್ಸಿಗಿಂತ ಹೆಚ್ಚು ವರ್ಷ ಟ್ರ್ಯಾಕ್ಟರು ಓಡಿಸಿದವರೂ ಇಲ್ಲಿದ್ದೀರಿ. ಓಡಿಸುವುದನ್ನು ನಿಮಗೆ ಹೇಳಿಕೊಡುವ ಧೈರ್ಯ ನನಗಿಲ್ಲ. ಆದರೆ ಟೈರಿನ ಪಕ್ಕದಲ್ಲಿ ಅಚ್ಚೊತ್ತಿರುವ ಅಂಕಿಗಳನ್ನು ಓದಿ ಲೆಕ್ಕ ಹಾಕುವ ಬಗೆಯನ್ನು ಕೃಷಿ ಡಿಪ್ಲೊಮಾ ಓದುವಾಗ ಕಲಿತಿದ್ದೇನೆ. ಅದನ್ನು ನಿಮ್ಮ ಮುಂದಿಡುವುದು ನನ್ನ ಕೆಲಸ.

ಈ ಮಾತು ಈಗ ಏಕೆ ಬಂತೆಂದರೆ, ಮಳೆಗಾಲಕ್ಕೆ ಮುಂಚೆ ಟೈರು ಬದಲಾಯಿಸುವವರು ಬಹಳ. ಅಂಗಡಿಗೆ ಹೋಗಿ “13.6-28 ಕೊಡಿ” ಎಂದು ಕೇಳುತ್ತೀರಿ. ಅಂಗಡಿಯವರು “ಆ ನಂಬರು ಈಗ ಇಲ್ಲ, 340/85 ಇದೆ, ಎರಡೂ ಒಂದೇ” ಎನ್ನುತ್ತಾರೆ. ಇನ್ನೊಬ್ಬರು “420/70 ಹಾಕಿಸಿ, ಅಗಲವಾಗಿದೆ, ಹಿಡಿತ ಚೆನ್ನಾಗಿರುತ್ತದೆ” ಎನ್ನುತ್ತಾರೆ. ಇವರ ಮಾತು ನಿಜವೋ ಅಲ್ಲವೋ ಎಂದು ತೂಗಿ ನೋಡುವುದು ಹೇಗೆ? ಒಂದು ಜೊತೆ ಹಿಂದಿನ ಟೈರಿಗೆ ಕೊಡುವ ಹಣ ಸಣ್ಣದಲ್ಲ. ಒಮ್ಮೆ ರಿಮ್ಮಿಗೆ ಹಾಕಿಸಿ ಹೊಲಕ್ಕೆ ಇಳಿಸಿದ ಟೈರನ್ನು ಅಂಗಡಿಯವರು ಹಿಂದಕ್ಕೆ ಪಡೆಯುವುದಿಲ್ಲ. ಆದುದರಿಂದ ಹಣ ಎಣಿಸುವುದಕ್ಕೆ ಮುಂಚೆ ಅಂಕಿ ಎಣಿಸಬೇಕು.

ಒಂದೇ ಟೈರಿನಲ್ಲಿ ಎರಡು ಅಳತೆ ಏಕೆ?

ನಮ್ಮ ಹಿರಿಯರಿಗೆ ಅಳತೆ ಬದಲಾದ ಅನುಭವ ಚೆನ್ನಾಗಿ ಇತ್ತು. 1957ರ ಏಪ್ರಿಲ್ 1ರಂದು ಹದಿನಾರಾಣೆಯ ರೂಪಾಯಿ ನೂರು ಪೈಸೆಯ ರೂಪಾಯಿ ಆಯಿತು. 1956ರ ಕಾಯಿದೆಯ ಪ್ರಕಾರ 1958ರ ಅಕ್ಟೋಬರಿನಿಂದ ಹಂತಹಂತವಾಗಿ ಸೇರು, ಮಣ ಹೋಗಿ ಕಿಲೋಗ್ರಾಂ ಬಂತು. ಮೈಲಿ ಹೋಗಿ ಕಿಲೋಮೀಟರು ಬಂತು. ಆದರೂ ಹಳೆಯದು ಪೂರ್ತಿ ಹೋಗಲಿಲ್ಲ. ಇಂದಿಗೂ ಬಾವಿಯ ಆಳವನ್ನು ಅಡಿಯಲ್ಲಿ ಹೇಳುತ್ತೇವೆ, ಪೈಪನ್ನು ಇಂಚಿನಲ್ಲಿ ಕೇಳುತ್ತೇವೆ, ಜಮೀನನ್ನು ಎಕರೆ ಗುಂಟೆಯಲ್ಲಿ ಎಣಿಸುತ್ತೇವೆ. ಅದೇ ಮನುಷ್ಯ ಗೊಬ್ಬರವನ್ನು ಕಿಲೋದಲ್ಲಿ ಕೊಳ್ಳುತ್ತಾನೆ.

ಟೈರಿನ ಕಥೆಯೂ ಹಾಗೆಯೇ. ಮೊದಲು ಟ್ರ್ಯಾಕ್ಟರಿಗೆ ಕಬ್ಬಿಣದ ಚಕ್ರವಿತ್ತು. 1932ರಲ್ಲಿ ಅಮೆರಿಕದ ಆಲಿಸ್-ಚಾಮರ್ಸ್ ಕಂಪನಿ ಗಾಳಿ ತುಂಬಿದ ರಬ್ಬರ್ ಟೈರು ಹಾಕಿದ ಟ್ರ್ಯಾಕ್ಟರನ್ನು ಮಾರಾಟಕ್ಕೆ ತಂದಿತು. ಅಮೆರಿಕದ ಅಳತೆ ಇಂಚು. ಹೀಗಾಗಿ ಟೈರಿನ ಹೆಸರೂ ಇಂಚಿನಲ್ಲಿಯೇ ಬೆಳೆಯಿತು. ಮುಂದೆ ಯೂರೋಪಿನಲ್ಲಿ ರೇಡಿಯಲ್ ಟೈರು ಬೆಳೆಯಿತು. ಫ್ರಾನ್ಸಿನ ಮಿಶೆಲಿನ್ ಕಂಪನಿ 1946ರಲ್ಲಿ ಅದರ ಹಕ್ಕುಪತ್ರ ಪಡೆಯಿತು. ಅಲ್ಲಿಯ ಜನ ಮಿಲಿಮೀಟರು ಬಳಸುವವರು. ಟೈರಿನ ಅಗಲ ಮಿಲಿಮೀಟರಿಗೆ ಬಂತು. ರಿಮ್ಮಿನ ಅಳತೆ ಮಾತ್ರ ಇಂಚಿನಲ್ಲಿಯೇ ಉಳಿಯಿತು. ಇಂದು ಒಂದೇ ಟೈರಿನ ಹೆಸರಿನಲ್ಲಿ ಎರಡು ದೇಶದ ಅಳತೆಗಳು ಒಟ್ಟಿಗೆ ಕುಳಿತಿವೆ.

ಇವೆರಡನ್ನೂ ಕೂಡಿಸುವ ಕೊಂಡಿ ಒಂದೇ: 1 ಇಂಚಿಗೆ 25.4 ಮಿಲಿಮೀಟರು. ಇದು ಅಂದಾಜಲ್ಲ. ಬ್ರಿಟನ್, ಅಮೆರಿಕ ಮೊದಲಾದ ಆರು ದೇಶಗಳು 1959ರಲ್ಲಿ ಕೂಡಿ ಒಪ್ಪಿದ ನಿಖರವಾದ ಅಂಕಿ. ಈ ಒಂದು ಅಂಕಿಯನ್ನು ನೆನಪಿಟ್ಟುಕೊಂಡರೆ ಮಿಕ್ಕ ಲೆಕ್ಕವೆಲ್ಲ ಗುಣಾಕಾರ, ಭಾಗಾಕಾರ. ಮನೆಯಲ್ಲಿ ಏಳನೆಯ ತರಗತಿ ಓದುವ ಮಗುವಿಗೆ ಕೊಟ್ಟರೂ ಮಾಡಿಕೊಡುತ್ತದೆ.

ಹೆಸರುಗಳಲ್ಲಿ ನಾಲ್ಕು ಬಗೆ

ಮೊದಲನೆಯ ಬಗೆ, 6.00-16. ಟ್ರ್ಯಾಕ್ಟರಿನ ಮುಂದಿನ ಚಕ್ರದಲ್ಲಿ ಇದನ್ನು ಕಾಣುತ್ತೀರಿ. ಹಳೆಯ ಜೀಪಿನಲ್ಲಿಯೂ ಇದೇ. ಟ್ರೇಲರಿನ 9.00-16, ಎತ್ತಿನ ಟೈರ್ ಗಾಡಿಯ 8.00-19 ಇವೆಲ್ಲ ಇದೇ ಜಾತಿ. ಮೊದಲ ಅಂಕಿ ಟೈರಿನ ಅಗಲ, ಇಂಚಿನಲ್ಲಿ. ಎರಡನೆಯದು ರಿಮ್ಮಿನ ಅಡ್ಡಳತೆ, ಅದೂ ಇಂಚಿನಲ್ಲಿ. ಟೈರಿನ ಎತ್ತರವನ್ನು ಹೆಸರಿನಲ್ಲಿ ಹೇಳಿಲ್ಲ. ಈ ಹಳೆಯ ಜಾತಿಯಲ್ಲಿ ಅಗಲ ಎಷ್ಟೋ ಎತ್ತರವೂ ಸುಮಾರಾಗಿ ಅಷ್ಟೇ ಎಂದು ತಿಳಿಯಬಹುದು. 6.00-16 ಎಂದರೆ ಕೆಳಗೆ 6, ಮೇಲೆ 6, ನಡುವೆ 16. ಒಟ್ಟು ಸುಮಾರು 28 ಇಂಚು. ಮಿಲಿಮೀಟರಿನಲ್ಲಿ ಸುಮಾರು 711.

ಎರಡನೆಯ ಬಗೆ, 13.6-28. ಇದು ಟ್ರ್ಯಾಕ್ಟರಿನ ಹಿಂದಿನ ದೊಡ್ಡ ಟೈರು. 13.6 ಇಂಚು ಅಗಲ, 28 ಇಂಚಿನ ರಿಮ್ಮು. ಇದರ ಎತ್ತರ ಅಗಲದಷ್ಟೇ ಇರುವುದಿಲ್ಲ. ಅಗಲದ ನೂರಕ್ಕೆ ಸುಮಾರು 85 ಭಾಗ ಎಂದು ಲೆಕ್ಕ ಹಿಡಿಯಬೇಕು. ಕೆಲವು ಹಳೆಯ ಪುಸ್ತಕಗಳಲ್ಲಿ ಇದೇ ಟೈರನ್ನು 12-28 ಎಂದು ಬರೆದಿರುತ್ತಾರೆ. ಟೈರಿನ ಮೇಲೆಯೇ 13.6/12-28 ಎಂದು ಎರಡು ಹೆಸರೂ ಇರುವುದುಂಟು. ಇದನ್ನು ಕಂಡು ಗಾಬರಿಯಾಗಬೇಡಿ. ಹಿಂದೆ ಕಿರಿದಾದ ರಿಮ್ಮಿಗೆ ಹಾಕಿ ಅಳೆದಾಗ ಬಂದ ಅಂಕಿ 12. ಅಗಲವಾದ ರಿಮ್ಮು ಬಂದ ಮೇಲೆ ಅದೇ ಟೈರು ಹರಡಿಕೊಂಡು 13.6 ಆಯಿತು. ಹೆಸರು ಎರಡು, ಟೈರು ಒಂದೇ.

ಮೂರನೆಯ ಬಗೆ, 340/85 ಆರ್ 28. ಇದು ಮಿಲಿಮೀಟರಿನ ಹೆಸರು. 340 ಎಂದರೆ ಅಗಲ, ಮಿಲಿಮೀಟರಿನಲ್ಲಿ. 85 ಎಂದರೆ ಎತ್ತರವು ಅಗಲದ ನೂರಕ್ಕೆ 85 ಭಾಗ. ಗಮನಿಸಿ, 85 ಮಿಲಿಮೀಟರು ಅಲ್ಲ, ನೂರಕ್ಕೆ 85. ‘ಆರ್’ ಎಂದರೆ ರೇಡಿಯಲ್. ಅದರ ಒಳಗಿನ ನೂಲು ಅಂಚಿನಿಂದ ಅಂಚಿಗೆ ನೇರವಾಗಿ ಹಾಯ್ದಿರುತ್ತದೆ. ‘ಆರ್’ ಇಲ್ಲದೆ ಬರೀ ಅಡ್ಡಗೆರೆ ಇದ್ದರೆ ಅದು ನೂಲು ಓರೆಯಾಗಿ ಹಾಯ್ದ ಸಾಧಾರಣ ಟೈರು. 28 ಎಂದರೆ ಅದೇ ಹಳೆಯ ಇಂಚಿನ ರಿಮ್ಮು. ಮಹೀಂದ್ರಾ ಬೊಲೆರೊದಂಥ ಜೀಪುಗಳ 215/75 ಆರ್ 15 ಸಹ ಇದೇ ಬಗೆಯ ಹೆಸರು.

ನಾಲ್ಕನೆಯ ಬಗೆ, 31×10.50 ಆರ್ 15. ಕಾಡು ಗುಡ್ಡ ಹತ್ತುವ ಜೀಪುಗಳಿಗೆ ಹಾಕುವ ದಪ್ಪ ಟೈರುಗಳಲ್ಲಿ ಇದನ್ನು ಕಾಣುತ್ತೇವೆ. ಇಲ್ಲಿ ಮೊದಲ ಅಂಕಿ ಅಗಲವಲ್ಲ; ಟೈರಿನ ಪೂರ್ತಿ ಎತ್ತರ, 31 ಇಂಚು. ಎರಡನೆಯದು ಅಗಲ, ಹತ್ತೂವರೆ ಇಂಚು. ಮೂರನೆಯದು ರಿಮ್ಮು. ಮೊದಲ ಅಂಕಿಯನ್ನೇ ಅಗಲವೆಂದು ಓದಿದರೆ ಲೆಕ್ಕವೆಲ್ಲ ತಲೆಕೆಳಗಾಗುತ್ತದೆ.

ಲೆಕ್ಕ ಹಾಕುವ ಕ್ರಮ

ಈಗ ಒಂದು ಲೆಕ್ಕವನ್ನು ಜೊತೆಯಾಗಿ ಮಾಡೋಣ. 340/85 ಆರ್ 28 ಟೈರು ನೆಲದಿಂದ ಎಷ್ಟು ಎತ್ತರ ನಿಲ್ಲುತ್ತದೆ?

1. ಅಗಲವನ್ನು ನೂರರಿಂದ ಭಾಗಿಸಿ 85ರಿಂದ ಗುಣಿಸಿ. 340 × 85 ÷ 100 = 289 ಮಿ.ಮೀ. ಇದು ಒಂದು ಪಕ್ಕದ ಎತ್ತರ.

2. ರಿಮ್ಮಿನ ಮೇಲೊಂದು ಪಕ್ಕ, ಕೆಳಗೊಂದು ಪಕ್ಕ ಇರುವುದರಿಂದ ಎರಡರಿಂದ ಗುಣಿಸಿ. 289 × 2 = 578 ಮಿ.ಮೀ.

3. ರಿಮ್ಮಿನ ಇಂಚನ್ನು ಮಿಲಿಮೀಟರಿಗೆ ತನ್ನಿ. 28 × 25.4 = 711.2 ಮಿ.ಮೀ.

4. ಎರಡನ್ನೂ ಕೂಡಿಸಿ. 578 + 711.2 = 1289.2 ಮಿ.ಮೀ. ಇಂಚು ಬೇಕಾದರೆ 25.4ರಿಂದ ಭಾಗಿಸಿ, ಸುಮಾರು 50.8 ಇಂಚು.

ಈಗ 13.6-28 ಟೈರನ್ನು ಇಂಚಿನಲ್ಲಿಯೇ ಲೆಕ್ಕ ಹಾಕಿ. 13.6ರಲ್ಲಿ ನೂರಕ್ಕೆ 85 ಭಾಗ ಎಂದರೆ 11.56. ಅದರ ಎರಡರಷ್ಟು 23.12. ರಿಮ್ಮಿನ 28 ಕೂಡಿಸಿದರೆ 51.12 ಇಂಚು, ಅಂದರೆ ಸುಮಾರು 1298 ಮಿ.ಮೀ. ಎರಡಕ್ಕೂ ಇರುವ ಅಂತರ ಒಂದು ಸೆಂಟಿಮೀಟರಿಗೂ ಕಡಿಮೆ. ಅಗಲವೂ 340ಕ್ಕೆ 345. ಆದುದರಿಂದ “340/85, 13.6 ಎರಡೂ ಒಂದೇ” ಎಂದ ಅಂಗಡಿಯವರು ಸುಳ್ಳು ಹೇಳಲಿಲ್ಲ.

ಹೀಗೆ ಜೋಡಿಯಾಗುವ ಅಳತೆಗಳನ್ನು ಕೆಳಗೆ ಕೊಟ್ಟಿದ್ದೇನೆ. ಪುಸ್ತಕದಲ್ಲಿ ಬರೆದಿಟ್ಟುಕೊಳ್ಳಿ.

9.5-24 (ಹಳೆಯ ಹೆಸರು 9-24) ಬದಲಿಗೆ 250/85 ಆರ್ 24
11.2-24 (ಹಳೆಯ ಹೆಸರು 10-24) ಬದಲಿಗೆ 280/85 ಆರ್ 24
12.4-28 (ಹಳೆಯ ಹೆಸರು 11-28) ಬದಲಿಗೆ 320/85 ಆರ್ 28
13.6-28 (ಹಳೆಯ ಹೆಸರು 12-28) ಬದಲಿಗೆ 340/85 ಆರ್ 28
14.9-28 (ಹಳೆಯ ಹೆಸರು 13-28) ಬದಲಿಗೆ 380/85 ಆರ್ 28
16.9-28 (ಹಳೆಯ ಹೆಸರು 14-28) ಬದಲಿಗೆ 420/85 ಆರ್ 28

ಒಂದು ಎಚ್ಚರಿಕೆ. ಈ ಲೆಕ್ಕ ಹೆಸರಿನ ಮೇಲಿನದು. ಒಂದೊಂದು ಕಂಪನಿಯ ಟೈರಿನಲ್ಲಿ ಹಲ್ಲಿನ ಎತ್ತರ ಬೇರೆ ಇರುವುದರಿಂದ ಒಂದೆರಡು ಸೆಂಟಿಮೀಟರು ಹೆಚ್ಚುಕಡಿಮೆ ಬರುತ್ತದೆ. ಕೊಳ್ಳುವಾಗ ಆ ಕಂಪನಿಯ ಅಳತೆಯ ಪಟ್ಟಿಯನ್ನೂ ತೋರಿಸಲು ಕೇಳಿ. ಮತ್ತೊಂದು ಮಾತು: ಒಂದೇ ಅಚ್ಚಿನ ಎಡಗಡೆ ರೇಡಿಯಲ್, ಬಲಗಡೆ ಸಾಧಾರಣ ಟೈರು ಹಾಕಬಾರದು. ಭಾರ ಬಿದ್ದಾಗ ಎರಡರ ನಡತೆಯೂ ಬೇರೆ.

ಅಗಲ ಒಂದೇ ಆದರೆ ಟೈರು ಒಂದೇ ಅಲ್ಲ

ಮೋಸ ಹೋಗುವ ಜಾಗ ಇದು. 420/85 ಎಂದೂ ಇದೆ, 420/70 ಎಂದೂ ಇದೆ. ಎರಡರಲ್ಲಿಯೂ 420 ಕಾಣುತ್ತದೆ. ಎರಡಕ್ಕೂ 28 ಇಂಚಿನ ರಿಮ್ಮೇ ಇರಬಹುದು. ನಡುವಿನ ಅಂಕಿಯನ್ನು ಯಾರೂ ನೋಡುವುದಿಲ್ಲ. ಲೆಕ್ಕ ಹಾಕಿ ನೋಡಿ.

420/85: 420ರಲ್ಲಿ ನೂರಕ್ಕೆ 85 ಎಂದರೆ 357, ಎರಡರಷ್ಟು 714, ರಿಮ್ಮು ಸೇರಿ 1425.2 ಮಿ.ಮೀ.
420/70: 420ರಲ್ಲಿ ನೂರಕ್ಕೆ 70 ಎಂದರೆ 294, ಎರಡರಷ್ಟು 588, ರಿಮ್ಮು ಸೇರಿ 1299.2 ಮಿ.ಮೀ.

ಎತ್ತರದಲ್ಲಿ 126 ಮಿ.ಮೀ. ಅಂತರ, ಹತ್ತಿರ ಹತ್ತಿರ ಐದು ಇಂಚು! ಅಂದರೆ 420/70 ಟೈರು ಅಗಲದಲ್ಲಿ 16.9ರ ಹಾಗೆ, ಎತ್ತರದಲ್ಲಿ 13.6ರ ಹಾಗೆ. 16.9-28 ಹಾಕಿದ್ದ ಟ್ರ್ಯಾಕ್ಟರಿಗೆ ಇದನ್ನು ಹಾಕಿದರೆ ಹಿಂಭಾಗ ಎರಡೂವರೆ ಇಂಚು ತಗ್ಗುತ್ತದೆ, ಅದೇ ಗೇರಿನಲ್ಲಿ ನಡಿಗೆ ನೂರಕ್ಕೆ ಸುಮಾರು 9ರಷ್ಟು ನಿಧಾನವಾಗುತ್ತದೆ. ನೇಗಿಲಿನ ಆಳವನ್ನೂ ಮತ್ತೆ ಹೊಂದಿಸಬೇಕಾಗುತ್ತದೆ.

ಇನ್ನು 13.6 ಇದ್ದಲ್ಲಿಗೆ 420/70 ಹಾಕಿಸಿ ಎಂದವರ ಮಾತು. ಎತ್ತರ ಹೊಂದುತ್ತದೆ, ನಿಜ. ಆದರೆ ಅಗಲ ಮೂರು ಇಂಚು ಹೆಚ್ಚು. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆ ಇಲ್ಲಿ ರಿಮ್ಮಿಗೆ ಸಲ್ಲುತ್ತದೆ. ರಿಮ್ಮಿಗೂ ಒಂದು ಅಗಲವಿದೆ; ರಿಮ್ಮಿನ ಮೇಲೆ ಡಬ್ಲ್ಯು 11, ಡಬ್ಲ್ಯು 12 ಎಂದು ಬರೆದಿರುತ್ತದೆ. ಕಿರಿದಾದ ರಿಮ್ಮಿಗೆ ಅಗಲದ ಟೈರನ್ನು ಏರಿಸಿದರೆ ಅದರ ಹೊಟ್ಟೆ ಉಬ್ಬಿ ನಡುಭಾಗ ಮಾತ್ರ ನೆಲಕ್ಕೆ ತಾಗುತ್ತದೆ. ಹೆಚ್ಚು ಹಿಡಿತಕ್ಕೆಂದು ಕೊಟ್ಟ ಹಣ ಹೆಚ್ಚು ಸವೆತಕ್ಕೆ ಹೋಗುತ್ತದೆ. ಆ ಟೈರಿಗೆ ಯಾವ ರಿಮ್ಮು ಸಲ್ಲುತ್ತದೆಂದು ಕಂಪನಿಯ ಪಟ್ಟಿಯಲ್ಲಿ ನೋಡಿಯೇ ಮುಂದುವರಿಯಬೇಕು.

ರಿಮ್ಮಿನ ಅಡ್ಡಳತೆಯ ವಿಷಯದಲ್ಲಂತೂ ಅರ್ಧ ಇಂಚಿನ ರಿಯಾಯಿತಿಯೂ ಇಲ್ಲ. ಗಾಡಿಯ ಚಕ್ರಕ್ಕೆ ಕಬ್ಬಿಣದ ಪಟ್ಟಿ ಹಾಕುವ ಕಮ್ಮಾರನನ್ನು ನೀವು ನೋಡಿದ್ದೀರಿ. ಅವನು ಮೊದಲು ಚಕ್ರದ ಸುತ್ತಳತೆ ತೆಗೆದುಕೊಂಡು, ಆಮೇಲೆ ಪಟ್ಟಿ ಬಾಗಿಸುತ್ತಾನೆ. ಟೈರೂ ಹಾಗೆಯೇ. 16ರ ರಿಮ್ಮಿಗೆ 16ರ ಟೈರೇ ಆಗಬೇಕು. ಕೂರದ ಟೈರನ್ನು ಗಾಳಿ ಏರಿಸಿ ಏರಿಸಿ ಕೂರಿಸಲು ಹೋದರೆ ಅಂಚಿನ ತಂತಿ ಕಿತ್ತು ಟೈರು ಸಿಡಿಯುತ್ತದೆ. ಎದುರಿಗೆ ನಿಂತವನ ಜೀವಕ್ಕೇ ಅಪಾಯ.

ನಾಲ್ಕು ಚಕ್ರದ ಎಳೆತವಿರುವ ಟ್ರ್ಯಾಕ್ಟರು

ಈಗ ಮುಂದಿನ ಚಕ್ರಕ್ಕೂ ಎಂಜಿನಿನ ಬಲ ಹೋಗುವ ಟ್ರ್ಯಾಕ್ಟರುಗಳು ನಮ್ಮ ಹಳ್ಳಿಗಳಿಗೂ ಬಂದಿವೆ. ಇವುಗಳನ್ನು ಇಟ್ಟುಕೊಂಡವರು ಈ ಭಾಗವನ್ನು ವಿಶೇಷವಾಗಿ ಗಮನಿಸಬೇಕು.

ನೊಗಕ್ಕೆ ಎತ್ತು ಕಟ್ಟುವಾಗ ಜೋಡಿ ನೋಡಿ ಕಟ್ಟುತ್ತೇವೆ. ಒಂದು ಎತ್ತು ಬಿರುಸಾಗಿ, ಇನ್ನೊಂದು ಎಳೆದೆಳೆದು ನಡೆದರೆ ಎರಡೂ ಸೋಲುತ್ತವೆ. ಈ ಟ್ರ್ಯಾಕ್ಟರಿನ ಮುಂದಿನ ಮತ್ತು ಹಿಂದಿನ ಟೈರು ಒಂದೇ ನೊಗದ ಎತ್ತುಗಳು. ಒಳಗಿನ ಹಲ್ಲುಚಕ್ರಗಳು ಎರಡನ್ನೂ ಕಟ್ಟಿ ಹಾಕಿವೆ. ಮುಂದಿನದು ಹಿಂದಿನದಕ್ಕಿಂತ ಸ್ವಲ್ಪ ಬಿರುಸಾಗಿ ನಡೆಯುವಂತೆ ಕಂಪನಿಯವರೇ ಇಟ್ಟಿರುತ್ತಾರೆ; ಸಾಮಾನ್ಯವಾಗಿ ನೂರಕ್ಕೆ 1ರಿಂದ 5ರ ಒಳಗೆ. ಆಗ ಮುಂದಿನ ಚಕ್ರ ಎಳೆಯುತ್ತದೆ, ಹಿಂದಿನದು ತಳ್ಳುತ್ತದೆ.

ಇದು ನೂರಕ್ಕೆ 3 ಇದೆ ಎಂದಿಟ್ಟುಕೊಳ್ಳಿ. ಹಿಂದಿನ ಟೈರು 100 ಮೀಟರು ನಡೆಯುವ ಹೊತ್ತಿಗೆ ಮುಂದಿನದು 103 ಮೀಟರು ನಡೆಯಲು ನೋಡುತ್ತದೆ. ಈಗ ಹಿಂದಿನ 340/85 (13.6) ತೆಗೆದು 380/85 (14.9) ಹಾಕಿಸಿದಿರಿ. ಅದರ ಎತ್ತರ 1357.2 ಮಿ.ಮೀ. ಇದನ್ನು 1289.2ರಿಂದ ಭಾಗಿಸಿದರೆ 1.053. ಅಷ್ಟೇ ಹೊತ್ತಿಗೆ ಹಿಂದಿನದು ಈಗ 105 ಮೀಟರಿಗೂ ಹೆಚ್ಚು ನಡೆಯುತ್ತದೆ. ಮುಂದಿನದು 103ರಲ್ಲಿಯೇ ನಿಂತಿದೆ. ಎಳೆಯಬೇಕಾದ ಎತ್ತನ್ನು ಹಿಂದಿನ ಎತ್ತು ದಬ್ಬಿಕೊಂಡು ಹೋದಂತೆ ಆಯಿತು. ಮುಂದಿನ ಟೈರು ನೆಲಕ್ಕೆ ಬ್ರೇಕು ಹಾಕುತ್ತದೆ, ಬೇಗ ಸವೆಯುತ್ತದೆ, ಡೀಸೆಲ್ ಹೆಚ್ಚು ಹೋಗುತ್ತದೆ, ಮುಂದಿನ ಅಚ್ಚಿನ ಹಲ್ಲುಚಕ್ರಗಳಿಗೆ ಏಟು ಬೀಳುತ್ತದೆ. ಆ ಹಲ್ಲುಚಕ್ರ ಒಡೆದರೆ ಅದರ ಖರ್ಚಿನ ಮುಂದೆ ಟೈರಿನ ಖರ್ಚು ಏನೂ ಅಲ್ಲ.

ಆದುದರಿಂದ ಇಂಥ ಟ್ರ್ಯಾಕ್ಟರಿನಲ್ಲಿ ಹಿಂದಿನದರ ಅಳತೆ ಬದಲಾಯಿಸಿದರೆ ಮುಂದಿನದನ್ನೂ ಅದೇ ಪ್ರಮಾಣದಲ್ಲಿ ಬದಲಾಯಿಸಬೇಕು. ಇಲ್ಲವೇ ಮೊದಲಿನ ಅಳತೆಯನ್ನೇ ಹಾಕಬೇಕು. ಒಂದು ಕಡೆ ಹೊಸದು, ಇನ್ನೊಂದು ಕಡೆ ಪೂರ್ತಿ ಸವೆದದ್ದು ಇದ್ದರೂ ಇದೇ ತೊಂದರೆ. ಹಿಂದಿನ ಟೈರಿನ ಹಲ್ಲು ಒಂದು ಇಂಚು ಸವೆದರೆ ಎತ್ತರದಲ್ಲಿ ಎರಡು ಇಂಚು ಹೋಯಿತು, 13.6ರಲ್ಲಿ ಅದು ನೂರಕ್ಕೆ ಸುಮಾರು 4. ಗಟ್ಟಿ ರಸ್ತೆಯ ಮೇಲೆ ಹೋಗುವಾಗ ಮುಂದಿನ ಎಳೆತವನ್ನು ಬಿಡಿಸುವುದನ್ನೂ ಮರೆಯಬೇಡಿ. ಹೊಲದ ಮಣ್ಣು ಸಡಿಲವಾದ್ದರಿಂದ ಸಣ್ಣ ವ್ಯತ್ಯಾಸ ಜಾರಿ ಹೋಗುತ್ತದೆ. ಡಾಂಬರಿನ ಮೇಲೆ ಅದಕ್ಕೆ ದಾರಿಯಿಲ್ಲ.

ಸಾಲಿನ ನಡುವೆ ಓಡುವ ಟೈರು

ಸಾಲುಗಳ ಅಂತರವನ್ನು ನಾವು ಸೆಂಟಿಮೀಟರಿನಲ್ಲಿ ಹೇಳುತ್ತೇವೆ. ಟೈರನ್ನು ಇಂಚಿನಲ್ಲಿ ಕೊಳ್ಳುತ್ತೇವೆ. ಇವೆರಡನ್ನೂ ಒಂದೇ ಅಳತೆಗೆ ತಂದು ನೋಡುವವರು ಕಡಿಮೆ. ಎಡೆ ಹೊಡೆಯುವಾಗ ಬೆಳೆ ಟೈರಿಗೆ ಸಿಕ್ಕುವುದು ಇದರಿಂದಲೇ.

13.6 ಇಂಚು ಎಂದರೆ ಸುಮಾರು 34.5 ಸೆಂಟಿಮೀಟರು. 45 ಸೆಂಟಿಮೀಟರಿನ ಸಾಲಿನ ನಡುವೆ ಇದು ಓಡಿದರೆ ಒಂದೊಂದು ಪಕ್ಕದಲ್ಲಿ ಉಳಿಯುವುದು 5 ಸೆಂಟಿಮೀಟರು ಮಾತ್ರ. ಸ್ಟೀರಿಂಗ್ ಮೂರು ಬೆರಳಿನಷ್ಟು ಅತ್ತಿತ್ತ ಆದರೆ ಗಿಡ ನೆಲಸಮ. 60 ಸೆಂಟಿಮೀಟರಿನ ಸಾಲಿನಲ್ಲಿ ಒಂದೊಂದು ಪಕ್ಕಕ್ಕೆ ಸುಮಾರು 13 ಸೆಂಟಿಮೀಟರು ಸಿಗುತ್ತದೆ. ಗಿಡ ಚಿಕ್ಕದಿರುವಾಗ ನಿಭಾಯಿಸಬಹುದು. ಸಣ್ಣ ಟ್ರ್ಯಾಕ್ಟರಿನ 8.3 ಇಂಚಿನ ಟೈರು ಸುಮಾರು 21 ಸೆಂಟಿಮೀಟರು. ಅದು 45ರ ಸಾಲಿನಲ್ಲಿಯೂ ಒಂದೊಂದು ಪಕ್ಕಕ್ಕೆ 12 ಸೆಂಟಿಮೀಟರು ಬಿಡುತ್ತದೆ. ಅಗಲವಾದ ಟೈರು ಕೆಸರುಗದ್ದೆಗೆ ಒಳ್ಳೆಯದು, ಸಾಲಿನ ಬೆಳೆಗೆ ಒಳ್ಳೆಯದಲ್ಲ. ನಿಮ್ಮ ಟ್ರ್ಯಾಕ್ಟರಿಗೆ ವರ್ಷದಲ್ಲಿ ಯಾವ ಕೆಲಸ ಹೆಚ್ಚೋ ಅದಕ್ಕೆ ತಕ್ಕ ಅಗಲವನ್ನು ಆರಿಸಿರಿ. ಸಾಧ್ಯವಾದರೆ ಬಿತ್ತುವ ಮೊದಲೇ ಟೈರಿನ ಅಗಲ ನೋಡಿ ಸಾಲು ಗೊತ್ತುಮಾಡಿರಿ.

ಜೀಪು ಇಟ್ಟುಕೊಂಡವರಿಗೆ

ತೋಟಕ್ಕೆ, ಗುಡ್ಡದ ಹಾದಿಗೆ ಜೀಪು ಇಟ್ಟುಕೊಂಡವರು ಅಂದಕ್ಕೆಂದು ದೊಡ್ಡ ಟೈರು ಹಾಕಿಸುವುದುಂಟು. ಅವರಿಗೆ ಎರಡು ಲೆಕ್ಕ.

31×10.50 ಆರ್ 15 ಟೈರನ್ನು ಮಿಲಿಮೀಟರಿಗೆ ತರೋಣ. ಎತ್ತರ 31 × 25.4 = 787.4. ಅಗಲ 10.5 × 25.4 = 266.7. ರಿಮ್ಮು 15 × 25.4 = 381. ಎತ್ತರದಲ್ಲಿ ರಿಮ್ಮನ್ನು ಕಳೆದರೆ 406.4; ಅದರ ಅರ್ಧ 203.2. ಇದನ್ನು ಅಗಲದಿಂದ ಭಾಗಿಸಿದರೆ ನೂರಕ್ಕೆ 76. ಅಂದರೆ ಹತ್ತಿರದ ಮೆಟ್ರಿಕ್ ಅಳತೆ 265/75 ಆರ್ 15. ಅದರ ಎತ್ತರ 778.5, ನೂರಕ್ಕೆ ಒಂದು ಭಾಗ ಮಾತ್ರ ಕಡಿಮೆ.

ಎರಡನೆಯದು ವೇಗದ ಲೆಕ್ಕ. 215/75 ಆರ್ 15ರ ಎತ್ತರ 703.5 ಮಿ.ಮೀ. ಅದರ ಬದಲು 235/75 ಆರ್ 15 ಹಾಕಿದರೆ 733.5. ಇದು ನೂರಕ್ಕೆ 4ಕ್ಕಿಂತ ಸ್ವಲ್ಪ ಹೆಚ್ಚು. ಮೊದಲು ಸರಿಯಾಗಿ ತೋರಿಸುತ್ತಿದ್ದ ಮೀಟರು ಈಗ 60 ಎಂದಾಗ ಗಾಡಿ ನಿಜವಾಗಿ 62 ದಾಟಿರುತ್ತದೆ. ಸ್ಟೀರಿಂಗ್ ಪೂರ್ತಿ ತಿರುಗಿಸಿದಾಗ ಟೈರು ಮಡ್‌ಗಾರ್ಡಿಗೆ ತಾಗುತ್ತದೆಯೇ ಎಂಬುದನ್ನೂ ನೋಡಬೇಕು. ಎತ್ತರದ ಗಾಡಿ ತಿರುವಿನಲ್ಲಿ ಮಗುಚುವ ಭಯವೂ ಹೆಚ್ಚು.

ಗಾಳಿಯ ಅಳತೆಯಲ್ಲಿಯೂ ಎರಡು ಭಾಷೆ

ಗಾಳಿ ಹಾಕುವಲ್ಲಿ ಒಂದು ಕಡೆ ಪೌಂಡು, ಇನ್ನೊಂದು ಕಡೆ ಕಿಲೋ, ಹೊಸ ಪುಸ್ತಕದಲ್ಲಿ ಬಾರ್ ಅಥವಾ ಕಿಲೋಪಾಸ್ಕಲ್ ಎಂದಿರುತ್ತದೆ. ಇದಕ್ಕೂ ಕೊಂಡಿ ಇದೆ. 1 ಕಿಲೋ ಎಂದರೆ ಚದರ ಇಂಚಿಗೆ ಸುಮಾರು 14.2 ಪೌಂಡು. 1 ಬಾರ್ ಎಂದರೆ 14.5 ಪೌಂಡು. 100 ಕಿಲೋಪಾಸ್ಕಲ್ ಎಂದರೆ 1 ಬಾರ್. ಹಿಂದಿನ ದೊಡ್ಡ ಟೈರಿಗೆ ಹೊಲದ ಕೆಲಸದಲ್ಲಿ ಸಾಮಾನ್ಯವಾಗಿ 12ರಿಂದ 15 ಪೌಂಡು, ಅಂದರೆ ಒಂದು ಕಿಲೋದ ಆಸುಪಾಸು ಸಾಕಾಗುತ್ತದೆ. ಯಾರೋ “ಎರಡು ಹಾಕಿಬಿಡು” ಎಂದರೆ ಅದು 28 ಪೌಂಡು, ಬೇಕಾದದ್ದರ ಎರಡರಷ್ಟು. ಟೈರು ಕಲ್ಲಿನಂತಾಗಿ ಜಾರುತ್ತದೆ, ಮಣ್ಣನ್ನು ಒತ್ತಿ ಗಟ್ಟಿ ಮಾಡುತ್ತದೆ. ನಿಮ್ಮ ಟೈರಿಗೆ ಎಷ್ಟೆಂದು ಟ್ರ್ಯಾಕ್ಟರಿನ ಪುಸ್ತಕದಲ್ಲಿ ನೋಡಿ, ಅಂಕಿಯ ಜೊತೆಗೆ ಪೌಂಡೋ ಕಿಲೋವೋ ಎಂಬುದನ್ನೂ ಹೇಳಿ ಗಾಳಿ ಹಾಕಿಸಿರಿ.

ಸೀಮೆಸುಣ್ಣದ ಪರೀಕ್ಷೆ

“ಇಷ್ಟು ಲೆಕ್ಕ ನಮಗೇಕಪ್ಪಾ, ಕಣ್ಣಿಗೆ ಕಾಣುವ ಉಪಾಯ ಹೇಳು” ಎಂದು ಹಿರಿಯರು ಕೇಳಬಹುದು. ಅದೂ ಇದೆ.

ಸಮತಟ್ಟಾದ ನೆಲದಲ್ಲಿ ಟ್ರ್ಯಾಕ್ಟರು ನಿಲ್ಲಿಸಿ. ಹಿಂದಿನ ಟೈರು ನೆಲಕ್ಕೆ ತಾಗುವ ಜಾಗದಲ್ಲಿ ಟೈರಿಗೂ ನೆಲಕ್ಕೂ ಸೀಮೆಸುಣ್ಣದ ಗೆರೆ ಎಳೆಯಿರಿ. ಟೈರಿನ ಗೆರೆ ಹತ್ತು ಸಲ ಕೆಳಕ್ಕೆ ಬರುವವರೆಗೆ ನಿಧಾನವಾಗಿ ಓಡಿಸಿ, ನೆಲಕ್ಕೆ ಮತ್ತೊಂದು ಗೆರೆ ಎಳೆದು, ನಡುವಿನ ದೂರವನ್ನು ಟೇಪಿನಿಂದ ಅಳೆಯಿರಿ. ಹತ್ತರಿಂದ ಭಾಗಿಸಿದರೆ ಒಂದು ಸುತ್ತಿನ ನಡಿಗೆ ಸಿಕ್ಕಿತು. 13.6-28ಕ್ಕೆ ಹತ್ತು ಸುತ್ತು 40 ಮೀಟರಿನ ಆಸುಪಾಸು ಬರುತ್ತದೆ. ಭಾರಕ್ಕೆ ಟೈರು ಸ್ವಲ್ಪ ಚಪ್ಪಟೆಯಾಗುವುದರಿಂದ ಕಾಗದದ ಲೆಕ್ಕಕ್ಕಿಂತ ಇದು ತುಸು ಕಡಿಮೆಯೇ ಇರುತ್ತದೆ. ಹಳೆಯ ಟೈರು ತೆಗೆಯುವ ಮುಂಚೆ ಒಮ್ಮೆ, ಹೊಸದು ಹಾಕಿದ ಮೇಲೆ ಒಮ್ಮೆ ಅಳೆದರೆ ವ್ಯತ್ಯಾಸ ಕಣ್ಣಿಗೆ ಕಾಣುತ್ತದೆ. ಹಳೆಯದರ ಸವೆತಕ್ಕೆ ಒಂದಿಷ್ಟು ಬಿಟ್ಟು ಎಣಿಸಿರಿ.

ನಾಲ್ಕು ಚಕ್ರದ ಎಳೆತದವರು ಹೀಗೆ ಮಾಡಿ. ಮುಂದಿನ ಎಳೆತ ಬಿಡಿಸಿ, ಹಿಂದಿನದು ಹತ್ತು ಸುತ್ತುವಷ್ಟರಲ್ಲಿ ಮುಂದಿನದು ಎಷ್ಟು ಸುತ್ತಿತೆಂದು ಒಬ್ಬರು ಪಕ್ಕದಲ್ಲಿ ನಡೆದು ಎಣಿಸಲಿ. 15 ಎಂದಿಟ್ಟುಕೊಳ್ಳಿ. ಆಮೇಲೆ ಎಳೆತ ಹಾಕಿ ಅದೇ ನೆಲದಲ್ಲಿ ಮತ್ತೆ ಎಣಿಸಲಿ. ಈಗ ಹದಿನೈದೂವರೆ ಬಂದರೆ ಮುಂದಿನ ಚಕ್ರ ನೂರಕ್ಕೆ 3ರಷ್ಟು ಮುಂದಿದೆ, ಸರಿಯಾಗಿದೆ. 15ಕ್ಕಿಂತ ಕಡಿಮೆ ಬಂದರೆ ಮುಂದಿನದು ಎಳೆಯುತ್ತಿಲ್ಲ, ತಡೆಯುತ್ತಿದೆ ಎಂದು ತಿಳಿಯಿರಿ. ಪಕ್ಕದಲ್ಲಿ ನಡೆಯುವವರು ಚಕ್ರದಿಂದ ದೂರವಿರಲಿ. ಮಕ್ಕಳನ್ನು ಈ ಕೆಲಸಕ್ಕೆ ಹಚ್ಚಬೇಡಿ.

ಅಂಗಡಿಗೆ ಹೋಗುವ ಮುನ್ನ

1. ಈಗಿರುವ ಟೈರಿನ ಪೂರ್ತಿ ಹೆಸರನ್ನು, ನಡುವಿನ ಅಂಕಿಯನ್ನೂ ‘ಆರ್’ ಅಕ್ಷರವನ್ನೂ ಬಿಡದೆ ಬರೆದುಕೊಳ್ಳಿ. ರಿಮ್ಮಿನ ಮೇಲಿನ ಅಂಕಿಯನ್ನೂ ಬರೆದುಕೊಳ್ಳಿ.

2. ಸೆಕೆಂಡ್ ಹ್ಯಾಂಡ್ ಟ್ರ್ಯಾಕ್ಟರಾದರೆ ಹಿಂದಿನ ಯಜಮಾನ ಅಳತೆ ಬದಲಾಯಿಸಿರಬಹುದು. ಕಂಪನಿಯ ಪುಸ್ತಕದಲ್ಲಿ ಏನಿದೆಯೋ ಅದನ್ನೇ ಮೂಲವೆಂದು ಹಿಡಿಯಿರಿ.

3. ಪಿ.ಆರ್. ಅಂಕಿಯನ್ನು ನೋಡಿ. 12 ಪಿ.ಆರ್., 16 ಪಿ.ಆರ್. ಎಂಬುದು ಹೊರುವ ಬಲದ ಗುರುತು. ಟ್ರೇಲರಿಗೆ ಮೊದಲಿದ್ದುದಕ್ಕಿಂತ ಕಡಿಮೆಯದನ್ನು ಹಾಕಬೇಡಿ. ಕಬ್ಬಿನ ಹೊರೆಗೆ ಅದು ತಾಳುವುದಿಲ್ಲ.

4. ‘ಎ8’ ಎಂದಿದ್ದರೆ ಆ ಟೈರು ಗಂಟೆಗೆ 40 ಕಿಲೋಮೀಟರಿಗೆ ಮಾತ್ರ. ‘ಎ6’ ಎಂದಿದ್ದರೆ 30ಕ್ಕೆ ಮಾತ್ರ.

5. ತಯಾರಾದ ಕಾಲವನ್ನು ನೋಡಿ. ನಾಲ್ಕು ಅಂಕಿಗಳಲ್ಲಿ ಮೊದಲೆರಡು ವಾರ, ಕಡೆಯೆರಡು ವರ್ಷ. 2319 ಎಂದರೆ 2019ರ 23ನೆಯ ವಾರ. ವರ್ಷಗಟ್ಟಲೆ ಅಂಗಡಿಯಲ್ಲಿ ಕುಳಿತ ಟೈರಿಗೆ ಹೊಸದರ ಬೆಲೆ ಕೊಡಬೇಡಿ.

6. ಬದಲಿ ಅಳತೆ ಹೇಳಿದರೆ ಅಲ್ಲೇ ಕುಳಿತು ಅಗಲ, ಎತ್ತರ, ರಿಮ್ಮು ಮೂರನ್ನೂ ಲೆಕ್ಕ ಹಾಕಿ. ಮೂರರಲ್ಲಿ ಒಂದು ಹೊಂದದಿದ್ದರೂ ಕಾರಣ ಕೇಳಿ.

ಬಾಂಧವರೇ, ಇದರಲ್ಲಿ ದೊಡ್ಡ ವಿದ್ಯೆ ಏನೂ ಇಲ್ಲ. ಸೇರಿನಿಂದ ಕಿಲೋಗೆ, ಆಣೆಯಿಂದ ಪೈಸೆಗೆ ಬಂದ ನಮ್ಮ ಹಿರಿಯರು ಸಂತೆಯಲ್ಲಿ ನಿಂತು ಬಾಯಿಲೆಕ್ಕ ಹಾಕಿದವರು. ನಾವು ಇಂಚಿನಿಂದ ಮಿಲಿಮೀಟರಿಗೆ ಬರುವುದು ಅದಕ್ಕಿಂತ ಕಷ್ಟವಲ್ಲ. ಈ ವಾರ ಬಿಡುವಾದಾಗ ನಿಮ್ಮ ಟ್ರ್ಯಾಕ್ಟರು, ಟ್ರೇಲರು, ಗಾಡಿಗಳ ಟೈರುಗಳನ್ನು ತೊಳೆದು ಅಂಕಿಗಳನ್ನು ಬರೆದಿಡಿ. ಓದುವ ಮಕ್ಕಳಿಂದ ಎತ್ತರದ ಲೆಕ್ಕ ಮಾಡಿಸಿ, ಅವರಿಗೂ ಪಾಠವಾಗುತ್ತದೆ. ಹೊಂದದ ಅಂಕಿ ಕಂಡರೆ ಆ ಚೀಟಿಯನ್ನು ಮುಂದಿನ ಸಭೆಗೆ ತನ್ನಿ. ಎಲ್ಲರೂ ಕೂಡಿ ಲೆಕ್ಕ ನೋಡೋಣ.